ಸುಣ್ಣ ಬಳಿದ ರೋಣಗಲ್ಲು

ಒಳಗೆ ಸೀಟಿ ಊದಿದರು, ಹಾಕಿ ಆಟ ಶುರುವಾಯಿತೇನೋ, ಇಲ್ಲ, ಹುಡುಗರು ಇನ್ನೂ ಕಾಲಾಡಿಸುತ್ತಿದ್ದಾರೆ, ಆ ನೆಲದ ಮೇಲೆ ಚೆಂಡು ಹಾಗೆ ಓಡುತ್ತದೆಂದರೆ ಅದು ಅಶ್ವತ್ಥಮ್ಮನ ಕೈಗುಣ, ಅವಳು ಸಗಣಿ ಸಾರಿಸಿದ ಕಣದಲ್ಲಿ ಹಾಲು ಚೆಲ್ಲಿದರೆ ಬಳಿದು ಕುಡಿಯಬಹುದು, ಮೈಸೂರು ಅರಮನೆಯವರೇ ಬಂದು ನೋಡಿ ನಾಚಿಕೊಂಡು ಹೋದರು — ಹೋಗಲಿ, ಅರ್ಧ ಸುಳ್ಳು, ಬಂದವನು ಶಿಡ್ಲಘಟ್ಟದ ಅಮಲ್ದಾರ, ನಾಚಲಿಲ್ಲ, ಜಾರಿ ಬಿದ್ದ, ಬಿದ್ದದ್ದಂತೂ ನಿಜ. ಈಗ ಆ ಕಣದ ಸುತ್ತ ತಡಿಕೆ, ಬಾಗಿಲಲ್ಲಿ ಟಿಕೆಟ್ಟಿನ ಕೋನಪ್ಪ, ಅವನು ಬೆನ್ನು ಕೊಟ್ಟು ನಿಂತಿರುವುದು ಯಾವುದಕ್ಕೆ, ಅವಳ ತೀರಿಕೊಂಡ ಗಂಡ ಸ್ಕಂದಗಿರಿ ತಪ್ಪಲಿನಿಂದ ಎಳೆದು ತಂದ ರೋಣಗಲ್ಲಿಗೆ, ರಾಗಿ ಮೇಲೆ ಉರುಳಬೇಕಾದ ಕಲ್ಲನ್ನು ನಿಲ್ಲಿಸಿ ಬಾಗಿಲ ಕಂಬವಾಗಿ ಹೂತು ಸುಣ್ಣ ಬಳಿದಿದ್ದಾರೆ, ಮುತ್ತೈದೆಗೆ ಬಿಳಿ ಸೀರೆ ಉಡಿಸಿದ ಹಾಗೆ, ನೋಡಿದ್ರೇನ್ರೀ, ನೀವು ಕಣ್ಮುಚ್ಚಿದ್ದೇ ಒಳ್ಳೇದಾಯ್ತು. ಈ ರಾಮಾಂಜಿನಪ್ಪ, ರೇಷ್ಮೆ ನೂಲಿನ ಕಾರ್ಖಾನೆಯವನು, ಹಾಕಿ ಕೋಲಿಗೂ ಮುದ್ದೆ ತಿರುವುವ ಕೋಲಿಗೂ ವ್ಯತ್ಯಾಸ ತಿಳಿಯದವನು, ಬೆಂಗಳೂರಿಂದ ಸಂಬಳದ ಹುಡುಗರನ್ನು ತಂದು, ಬೆನ್ನ ಮೇಲೆ ಕಾರ್ಖಾನೆ ಹೆಸರು ಹೊಲಿಸಿ, ಅರಳಿಕಟ್ಟೆ ಮೇಲೆ ನಿಂತು ಏನಂದ, ನಂಗಿದ್ರಲ್ಲಿ ನಷ್ಟಾನೇ ಕಣ್ರಪ್ಪಾ, ಎಲ್ಲಾ ಊರ ಹೆಸರಿಗೋಸ್ಕರ, ಕಣ ಕೊಡಿ, ಜನ ಕೂರೋಕೆ ಮನೆಗೊಂದು ಕಲ್ಲುಚಪ್ಪಡಿ ಕೊಡಿ, ಇಲ್ಲಾಂದ್ರೆ ಟೀಮು ಚಿಂತಾಮಣಿಗೆ ಹೋಗ್ತದೆ. ನಷ್ಟದ ಎಮ್ಮೇನ ಯಾವನಪ್ಪಾ ಚಿಂತಾಮಣಿಗಂಟ ಹೊಡ್ಕೊಂಡು ಹೋಗ್ತಾನೆ, ಅವಳು ಕೇಳಿದಳು, ಎಲ್ಲರೂ ನಕ್ಕರು, ನಕ್ಕು ಮನೆಗೆ ಹೋಗಿ ಚಪ್ಪಡಿ ಹೊತ್ತು ತಂದರು, ಅವಳೂ ಬಟ್ಟೆ ಒಗೆಯುವ ಕಲ್ಲನ್ನೇ ಕೊಟ್ಟಳು, ದಡ್ಡಿ, ಸುಗ್ಗಿಗೆ ಕಣ ಬಿಟ್ಕೊಡ್ತೀನಿ ಅಜ್ಜಿ, ನಿಮ್ಮಾಣೆ ಅಂದಿದ್ದನಲ್ಲ. ಸುಗ್ಗಿ ಬಂತು, ಮೆದೆ ಒಂದು ಸಲ ನೆನೆದು ರಾಗಿ ಮೊಳಕೆ ಇಣುಕುತ್ತಿದೆ, ನಂದಿ ಕಡೆ ಮತ್ತೆ ಮೋಡ, ಇವತ್ತು ತುಳಿಸದಿದ್ದರೆ ವರ್ಷದ ಮುದ್ದೆ ಹೋಯಿತು, ಬೆಳಿಗ್ಗೆ ಕೋನಪ್ಪ ಅನ್ನುತ್ತಾನೆ, ಒಳಕ್ಕೆ ಬರ್ಬೇಕಾದ್ರೆ ನಾಲ್ಕಾಣೆ ಅಜ್ಜಿ, ನನ್ ಕಲ್ ಮೇಲೆ ನಾನ್ ಕೂರೋಕೂ ನಾಲ್ಕಾಣೇನೇನೋ, ಅದು ಕಲ್ಲಲ್ಲಜ್ಜಿ, ಈಗ ಗ್ಯಾಲರಿ. ಸರಿ, ಒಳಗೆ ಬರುವುದಿಲ್ಲಪ್ಪ.

ಗಾಡಿ ತಂದಳು, ಹೊರೆ ಬಿಚ್ಚಿದಳು, ರೋಣಗಲ್ಲಿನಿಂದ ತಡಿಕೆಯವರೆಗೆ ಬಾಗಿಲಿಗೆ ಅಡ್ಡವಾಗಿ ಮೊಣಕಾಲುದ್ದ ರಾಗಿ ಹರವಿದಳು. ಬಸ್ಸಿಳಿದು ಬಂದ ಜನ ಗಕ್ಕನೆ ನಿಂತರು, ರಾಗಿ ಬಿದ್ದ ಕಡೆ ಕೆರ ಮೆಟ್ಟಿ ಯಾರು ತುಳಿಯುತ್ತಾರೆ, ಪಕ್ಕದ ಮನೆ ಬಯ್ಯಪ್ಪ ಮೊದಲು ಚಪ್ಪಲಿ ಬಿಟ್ಟ, ತೆನೆ ಮುಟ್ಟಿ ಕಣ್ಣಿಗೊತ್ತಿಕೊಂಡ, ಆಮೇಲೆ ಎಲ್ಲರೂ ಬಿಟ್ಟರು, ಮೆಟ್ಟಿನ ರಾಶಿ ನಂದಿಬೆಟ್ಟದಷ್ಟಾಯಿತು, ತುಳೀರಪ್ಪಾ, ಮೆಲ್ಲಗಲ್ಲ, ನಾಲ್ಕಾಣೆ ಕೊಟ್ಟಿದೀರ, ಜೋರಾಗಿ ತುಳೀರಿ, ಲಕ್ಷ ಕಾಲು, ಕಾಳು ಚರಚರ ಉದುರುತ್ತಿದೆ, ಅವನ ಜನ, ಅವಳ ರಾಗಿ. ಆಗ ಬಂತು ಕಾರು. ರಾಮಾಂಜಿನಪ್ಪ ಇಳಿದ, ಬಿಳಿ ಪ್ಯಾಂಟು, ಲಾಡಿ ಕಟ್ಟಿದ ಬೂಟು, ಯಾರೇ ಇದನ್ನ ಹಾಕಿದೋಳು, ಲೇ ಕೋನಪ್ಪ, ತೆಗೆಯೋ, ಕೋನಪ್ಪ ತನ್ನ ಬರಿಗಾಲು ನೋಡಿಕೊಂಡು ನಿಂತ, ಊರೆಲ್ಲ ಬರಿಗಾಲಲ್ಲಿ ನಿಂತು ನೋಡುತ್ತಿದೆ, ಚಪ್ಪಡಿಗಳ ಮೇಲಿನವರೂ ಎದ್ದು ತಿರುಗಿದರು. ಬೂಟಲ್ಲಿ ತುಳಿದರೆ ಈ ಊರಿನವರು ಇನ್ನು ಅವನ ಬಾಗಿಲು ಮೆಟ್ಟುವುದಿಲ್ಲ, ಬಿಚ್ಚಿದರೆ ಕಣ ಇನ್ನೂ ಕಣವೇ ಎಂದು ಅವನ ಕಾಲೇ ಒಪ್ಪಿದಂತೆ, ಯಾಕಪ್ಪಾ ರಾಮಾಂಜಿನಿ, ಇದ್ರಲ್ಲೂ ನಷ್ಟಾನೇನೋ, ಅವಳು ಕೇಳಿದಳು. ಅವನು ರೋಣಗಲ್ಲಿಗೆ ಕೈ ಊರಿದ, ಒಂದು ಕಾಲು ಎತ್ತಿದ, ಎತ್ತಿದ್ದು ಬಿಚ್ಚಲಿಕ್ಕೋ ತುಳಿಯಲಿಕ್ಕೋ, ಏನ್ರೀ, ನಿಮ್ ಕಲ್ಲು ಅದು, ನೀವೇ ಹೇಳಿ ನೋಡಣ — ಒಂಟಿಕಾಲು, ಸುಣ್ಣ ಮೆತ್ತಿದ ಐದು ಬೆರಳು, ಅವನನ್ನು ಹಿಡಿದು ನಿಲ್ಲಿಸಿರುವುದು ಆ ಬಿಳೀ ಕಲ್ಲು.