ಡಬ್ಬಿಯಿಲ್ಲದ ಶನಿವಾರ

ಲಿಫ್ಟಿನಿಂದ ಹೊರಗೆ ಬಂದ ವೈದೇಹಿಯ ಮುಖವನ್ನು ಯಾರೂ ನೋಡಲಿಲ್ಲ. ಬೇವಿನ ಮರದ ಕೆಳಗಿನ ಬೆಂಚುಗಳಲ್ಲಿ ಕೂತಿದ್ದ ಹೆಂಗಸರೆಲ್ಲ ಮೊದಲು ನೋಡಿದ್ದು ಅವಳ ಕೈಗಳನ್ನು. ಕೈಯಲ್ಲಿ ಡಬ್ಬಿ ಇರಲಿಲ್ಲ.

ಸೂರತ್ತಿನ ಅಡಾಜಣ್‌ನ ಆ ವಸತಿ ಸೊಸೈಟಿಯಲ್ಲಿ ಶನಿವಾರ ಸಂಜೆಯೆಂದರೆ ‘ಖುಲ್ಲಿ ವಾತ್’, ಮನಬಿಚ್ಚಿ ಮಾತಾಡುವ ಹೊತ್ತು. ಫೋನಿನ ಗ್ರೂಪಿನಲ್ಲಿ ಪಾರ್ಕಿಂಗಿಗೂ ನೀರಿನ ಟ್ಯಾಂಕಿಗೂ ಹರಿಹಾಯುವವರು ಲಿಫ್ಟಿನಲ್ಲಿ ಎದುರಾದರೆ ಗೋಡೆ ನೋಡುತ್ತಾರಲ್ಲ, ಅದನ್ನು ಕಂಡು ಸಾಕಾಗಿ ಕೆಳಮನೆಯ ತರುಲತಾಬೆನ್ ಶುರು ಮಾಡಿದ್ದು. ಹೇಳುವುದನ್ನು ಎದುರೆದುರೇ ಹೇಳಬೇಕು, ಉಳಿದವರು ನಡುವೆ ಬಾಯಿ ಹಾಕಬಾರದು. ವೈದೇಹಿ ಒಂದು ವಾರವೂ ತಪ್ಪಿಸಿದವಳಲ್ಲ. ಮಾತಾಡಿದವಳೂ ಅಲ್ಲ. ಬಿಸಿ ಗೋಳಿಬಜೆಯನ್ನೋ ಇಡ್ಲಿ ಸಾಂಬಾರನ್ನೋ ಡಬ್ಬಿಯಲ್ಲಿ ತಂದು ಬಡಿಸಿ, ಪಕ್ಕದಲ್ಲಿ ನಿಂತೇ ಇರುತ್ತಿದ್ದಳು. ಹೋಟೆಲಿನವರ ಮನೆಯ ಅಭ್ಯಾಸ. ತಿನ್ನುವವರ ಎದುರು ಕೂತುಬಿಡುವುದು ಅವಳಿಂದಾಗದು. ಅವಳ ಸರದಿ ಬರುವಾಗ ಅವಳು ಯಾರದೋ ತಟ್ಟೆಗೆ ಚಟ್ನಿ ಹಾಕುತ್ತಿರುತ್ತಿದ್ದಳು.

ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ದಿನಾ ನಾಲ್ಕು ಗಂಟೆಗೆ ಕುಂದಾಪುರದಿಂದ ಅಕ್ಕ ನಳಿನಿಯ ಫೋನು ಬರುತ್ತಿತ್ತು. “ಹೆಣೆ ವೈದಿ, ಇವತ್ತ್ ಎಂತ ಸಾರ್?” ಎಂದು ಶುರುವಾದರೆ ಸಾರಿನಿಂದ ಊರು ಪೂರ್ತಿ ಸುತ್ತಿ ಬರುವುದು. ಅಕ್ಕ ತಮಾಷೆ ಹೇಳಹೊರಟರೆ ಅರ್ಧದಲ್ಲಿ ತಾನೇ ನಗಲು ತೊಡಗಿ, ಕಥೆಯ ಕೊನೆ ಮರುದಿನಕ್ಕೆ ಹೋಗುತ್ತಿತ್ತು. ಇಷ್ಟು ವರ್ಷ ಸೂರತ್ತಿನಲ್ಲಿ ವೈದೇಹಿ ಬಾಳಿದ್ದೇ ಆ ಫೋನಿನ ಬಲದ ಮೇಲೆ. ಈ ಮಂಗಳವಾರ ನಾಲ್ಕಕ್ಕೆ ಬಂದದ್ದೂ ಅಕ್ಕನ ನಂಬರಿನಿಂದಲೇ. ದನಿ ಮಾತ್ರ ಭಾವನದು.

“ನಾವ್ ಹೋಯಿ ಮುಟ್ಟುವಷ್ಟೊತ್ತಿಗೆ ಎಲ್ಲ ಮುಗ್ದಿರತ್ತ್. ಕ್ರಿಯೆಗೆ ಒಟ್ಟಿಗೆ ಹೋಪ,” ಎಂದ ಗಂಡ ಮಾಧವ, ತನ್ನ ಹೋಟೆಲಿನ ಗದ್ದಲದ ನಡುವಿನಿಂದಲೇ ಫೋನಿನಲ್ಲಿ. ಮಗಳು ತನ್ವಿ ಬಂದು ತಬ್ಬಿಕೊಂಡು, “ಸಾರಿ ಮಮ್ಮಿ, ದೊಡ್ಡಮ್ಮ ಬಹುತ್ ಸ್ವೀಟ್ ಥೀ,” ಎಂದು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಳು. ಇಬ್ಬರದೂ ತಪ್ಪಲ್ಲ. ಆದರೆ ವೈದೇಹಿಗೆ ಅಕ್ಕನ ಬಗ್ಗೆ ಮಾತಾಡಬೇಕಿತ್ತು. ಅಳುವುದಲ್ಲ, ಮಾತಾಡುವುದು; ಅಕ್ಕ ಹೇಗಿದ್ದಳು ಎಂದು ಯಾರಾದರೂ ಕೇಳಬೇಕಿತ್ತು. ಸೂತಕದ ಮನೆಯ ಅಡುಗೆ ಹೊರಗೆ ಕೊಡುವಂತಿಲ್ಲವೆಂದು ಬರಿಗೈಯಲ್ಲಿ ಇಳಿದು ಬಂದಿದ್ದಳು.

ಬೆಂಚಿನಲ್ಲಿ ಪಿಸುಮಾತು ಎದ್ದಿತು. ಮೂರನೆಯ ಮಹಡಿಯ ಜಶುಬೆನ್ ಎದ್ದು ನಿಂತಳು.

“ಇವತ್ತು ಮೊದಲು ನಾನು ಮಾತಾಡುತ್ತೇನೆ. ಹೋದ ವಾರ ಸಾಂಬಾರಿಗೆ ಬೆಲ್ಲ ಸಾಲದು ಅಂದೆ. ಖುಲ್ಲಿ ವಾತ್ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ವೈದೇಹಿಬೆನ್‌ಗೆ ಸಿಟ್ಟು ಬಂದಿದೆ. ತಪ್ಪಾಯಿತು.”

ವೈದೇಹಿಗೆ ನಗು ಬಂತು. ಇದನ್ನು ನಾಳೆ ಅಕ್ಕನಿಗೆ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ನೆನಪಾಯಿತು, ಕಣ್ಣು ತುಂಬಿತು.

“ಸಾಂಬಾರಿಗಲ್ಲ,” ಎಂದಳು ತನ್ನ ತರಕಾರಿ ಮಾರುಕಟ್ಟೆಯ ಗುಜರಾತಿಯಲ್ಲಿ. “ಊರಲ್ಲಿ ನನ್ನ ಅಕ್ಕ ತೀರಿಕೊಂಡಳು. ಮಂಗಳವಾರ.”

“ಮಂಗಳವಾರ?” ತರುಲತಾಬೆನ್‌ಗೆ ನಿಜಕ್ಕೂ ಸಿಟ್ಟು ಬಂತು. “ನಾವು ಕೆಳಗೆ ಕೂತು ಹರಟುತ್ತಿದ್ದೆವು, ನೀನು ಮೇಲೆ ಒಬ್ಬಳೇ ಇದ್ದೆ. ಬಜೆಯಾದರೆ ಮನೆಮನೆಗೆ ಕೊಡುತ್ತೀ, ಇದನ್ನು ಹೇಳಬಾರದಿತ್ತಾ? ನಾಳೆ ನಾಲ್ಕಕ್ಕೆ ಬೆಸ್ಣು. ಎಲ್ಲರೂ ಬರುತ್ತೇವೆ.”

ಸಾವಾದ ಮನೆಗೆ ಬಿಳಿ ಉಟ್ಟು ಬಂದು ಜೊತೆಗೆ ಕೂರುವ ಅಲ್ಲಿನ ಪದ್ಧತಿ ವೈದೇಹಿಗೆ ಗೊತ್ತಿತ್ತು. ತಾನೂ ಎಷ್ಟೋ ಮನೆಗಳಿಗೆ ಹೋಗಿ ಮೂಲೆಯಲ್ಲಿ ಕೂತು ಬಂದವಳೇ. ಸೂತಕದ ಮನೆಗೆ ಯಾರೂ ಕಾಲಿಡುವುದಿಲ್ಲ ಎಂದು ನಂಬಿ ಬೆಳೆದವಳಿಗೆ, ತನ್ನ ಮನೆಗೂ ಹಾಗೆ ಬಂದಾರು ಎಂದು ಹೊಳೆದಿರಲಿಲ್ಲ.

ಮರುದಿನ ಬಾಗಿಲಲ್ಲಿ ಚಪ್ಪಲಿಗಳು ರಾಶಿಬಿದ್ದವು. ಬಿಳಿ ಸೀರೆಗಳು ನಡುಮನೆಯ ನೆಲದ ಮೇಲೆ ಸಾಲಾಗಿ ಕೂತವು. ಕಾಫಿಗೆಂದು ಒಳಗೆ ತಿರುಗಿದ ವೈದೇಹಿಯ ಕೈಯನ್ನು ತರುಲತಾಬೆನ್ ಹಿಡಿದುಕೊಂಡಳು.

“ಬೆಸ್ಣುವಿನಲ್ಲಿ ನೀರು ಬಿಟ್ಟು ಏನೂ ಕೊಡುವುದಿಲ್ಲ. ಅದನ್ನೂ ತನ್ವಿ ಕೊಡುತ್ತಾಳೆ. ನೀನು ಕೂತುಕೋ.”

ವೈದೇಹಿ ಕೂತಳು. ಕೈ ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಜಶುಬೆನ್ ಕೇಳಿದಳು, “ಹೇಗಿದ್ದಳು ನಿನ್ನ ಅಕ್ಕ?”

ಹೇಗಿದ್ದಳು ಎಂದು ಯಾವ ಭಾಷೆಯಲ್ಲಿ ಹೇಳುವುದು? ವೈದೇಹಿ ಸೋಮವಾರದ ಫೋನಿನಲ್ಲಿ ಅಕ್ಕ ಹೇಳಿದ ತಮಾಷೆಯಿಂದ ಶುರು ಮಾಡಿದಳು. ಅಕ್ಕನ ಪಕ್ಕದ ಮನೆಯ ಪಾಂಡುರಂಗ ಮಾಷ್ಟ್ರು ಮದುವೆಗೆ ಹೋದರಂತೆ. ಕೊಡೆಯನ್ನು ಹಿಂದೆ ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡಿದ್ದರಂತೆ. ಅದು ಮರೆತುಹೋಗಿ, ಕೊಡೆ ಕಳೆಯಿತೆಂದು ಮದುವೆಮನೆಯೆಲ್ಲ ಹುಡುಕಿಸಿ, ಸುಸ್ತಾಗಿ ಊಟಕ್ಕೆ ಕೂತರಂತೆ. ಮಾತು ಸಿಗದಲ್ಲಿ ಅವಳು ತಡವರಿಸಿದರೆ ತನ್ವಿ ಗುಜರಾತಿಯಲ್ಲಿ ತುಂಬಿಸುತ್ತಿದ್ದಳು. ನೀರಿನ ತಟ್ಟೆ ಕೆಳಗಿಟ್ಟು, ಯಾವಾಗಲೋ ಅಮ್ಮನಿಗೆ ಒತ್ತಿಕೊಂಡು ಕೂತಿದ್ದಳು. ಬಿಳಿ ಸೀರೆಗಳಲ್ಲಿ ಒಂದೆರಡು ಬಾಯಿಗೆ ಸೆರಗು ಒತ್ತಿಕೊಂಡವು.

“ಬಡಿಸುವವನು ಪಾಯಸದ ಪಾತ್ರೆ ಹಿಡಿದು ಹಿಂದಿನಿಂದ ಬಂದನಂತೆ. ಬಂದವನು…”

ವೈದೇಹಿ ನಿಲ್ಲಿಸಿದಳು.

“ಪಛೀ?” ಎಂದಳು ಜಶುಬೆನ್. ತನ್ವಿ ಅಮ್ಮನ ಮುಖ ನೋಡಿ ಮೆಲ್ಲಗೆ, “ಆಮೇಲೆ ಎಂತ ಆಯ್ತ್ ಅಮ್ಮ?” ಎಂದಳು.

ನಗಾಡಿ ಸಾಕಾಯ್ತ್ ಮಾರಾಯ್ತಿ, ಉಳ್ದದ್ ನಾಳೆ ಹೇಳ್ತೆ, ಎಂದು ಆ ಸೋಮವಾರ ಅಕ್ಕ ಫೋನಿಟ್ಟಿದ್ದಳು. ಎಲ್ಲರೂ ಕಾಯುತ್ತಿದ್ದರು. ವೈದೇಹಿ ಟೀಪಾಯಿಯ ಮೇಲಿದ್ದ ಫೋನನ್ನೇ ನೋಡುತ್ತ ಕೂತಳು.