ಹದಿನೈದಕ್ಕೆ ಹದಿನೈದು

ರೋಗಿಗಳ ನೆನಪಿನ ಪರೀಕ್ಷೆಯ ಪುಸ್ತಿಕೆಯನ್ನು ಮನೆಗೆ ಒಯ್ಯಬಾರದು ಎಂಬ ಕಾಗದಕ್ಕೆ ಅವಳು ಮೊದಲ ದಿನವೇ ಸಹಿ ಹಾಕಿದ್ದಳು. ಮೊದಲ ವಾರವೇ ಒಯ್ದಳು. ಮನಶ್ಶಾಸ್ತ್ರದ ತರಬೇತಿಗೆ ಬಂದವರಲ್ಲಿ ದರ್ಜಿಯ ಮಗಳು ಅವಳೊಬ್ಬಳೇ. ಉಳಿದವರ ಎದುರು ತಡವರಿಸಿ ನಗೆಪಾಟಲಾಗಬಾರದೆಂಬ ಹಟ ಬೇರೆ. ಹೊಲಿಗೆ ಯಂತ್ರದ ಮುಂದೆ ಕೂತ ಅಮ್ಮನೇ ಅವಳ ಮೊದಲ ರೋಗಿ. ಸೆಕೆಂಡಿಗೊಂದರಂತೆ ಹದಿನೈದು ಪದ ಓದಬೇಕು, ಕೇಳಿದವರು ನೆನಪಿನಿಂದ ಹೇಳಬೇಕು. ಪರದೆ, ಗಂಟೆ, ಸೇತುವೆ... ಅಮ್ಮ ಪೆಡಲು ತುಳಿಯುತ್ತಲೇ ಒಪ್ಪಿಸುತ್ತಿದ್ದಳು. ಮೂರು ತಿಂಗಳಲ್ಲಿ ಇಡೀ ಪಟ್ಟಿ ಬಾಯಿಪಾಠ. ಮಗಳು ಹಿಗ್ಗಿದ್ದೇ ಹಿಗ್ಗಿದ್ದು, ಅಮ್ಮ ಎಂಥ ಬುದ್ಧಿವಂತೆ!

ತರಬೇತಿಯ ಎರಡನೇ ವರ್ಷ ಅಮ್ಮ ಒಂದು ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಹೊಲಿದಳು. ಗಿರಾಕಿ ನಕ್ಕು ಸುಮ್ಮನಾದರು. ಒಲೆಯ ಮೇಲೆ ಪಾತ್ರೆ ಎರಡು ಸಲ ಸೀದುಹೋದ ಮೇಲೆ ಮಗಳು ಅಮ್ಮನನ್ನು ತನ್ನ ತರಬೇತಿಯ ಆಸ್ಪತ್ರೆಗೇ ಕರೆತಂದಳು. ಸ್ವಂತದವರನ್ನು ತಾನೇ ಪರೀಕ್ಷಿಸುವಂತಿಲ್ಲ. ಹಿರಿಯ ಮೇಡಂ ಎದುರು ಕೂತರು, ಅವಳು ಮೂಲೆಯ ಕುರ್ಚಿಯಲ್ಲಿ.

ಮೇಡಂ "ಪರದೆ" ಎಂದದ್ದೇ ತಡ, ಅಮ್ಮನ ಬಲಗಾಲು ನೆಲವನ್ನು ತುಳಿಯತೊಡಗಿತು. ಮನೆಯಲ್ಲಿ ಬಾಯಿಪಾಠವಾದ ಅದೇ ಪಟ್ಟಿ. ಅಮ್ಮ ಒಂದೂ ತಪ್ಪಲಿಲ್ಲ.

"ನನಗೇ ಇಷ್ಟು ನೆನಪಿರಲ್ಲ," ಮೇಡಂ ನಕ್ಕರು. "ವಯಸ್ಸಿನ ಮರೆವು ಅಷ್ಟೇ. ಸ್ಕ್ಯಾನ್ ಏನೂ ಬೇಡ, ಒಂದು ವರ್ಷ ಬಿಟ್ಟು ನೋಡೋಣ."

ಪುಸ್ತಿಕೆಯ ವಿಷಯ ಹೇಳಿದರೆ ತರಬೇತಿಗೆ ಎಳ್ಳುನೀರು. ಹೇಳದಿದ್ದರೆ ಕಾಯಿಲೆ ಪತ್ತೆಯಾಗದೆ ಅಮ್ಮನ ಒಂದು ವರ್ಷ ಮಣ್ಣುಪಾಲು. ಯಾವುದು ದೊಡ್ಡದೆಂದು ಎಳೆಮಗುವಿಗೂ ಗೊತ್ತು. ಆದರೂ ಅವಳು "ಥ್ಯಾಂಕ್ಸ್ ಮೇಡಂ" ಎಂದು ಫೈಲು ಎತ್ತಿಕೊಂಡಳು. ಬಾಗಿಲು ದಾಟುವಷ್ಟರಲ್ಲಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಹೊರಗೆ ಬೆಂಚಿನ ಮೇಲೆ ಅಮ್ಮ ಅವಳ ಕೈ ಹಿಡಿದು ಪಿಸುಗುಟ್ಟಿದಳು. "ನಿನ್ನ ಮರ್ಯಾದೆ ಉಳಿಸಿದೆ ತಾನೆ? ಒಂದೂ ಬಿಡಲಿಲ್ಲ ನೋಡು."

"ಹೂಂ ಅಮ್ಮ."

ಅಮ್ಮ ಬಾಗಿಲ ಮೇಲಿನ ಫಲಕವನ್ನು ನೋಡಿದಳು, ಮಗಳ ಕೈಯಲ್ಲಿದ್ದ ಫೈಲನ್ನು ನೋಡಿದಳು. ಮುಖದಲ್ಲಿ ಏನೋ ಕದಡಿತು.

"ಪರೀಕ್ಷೆ ನಿನ್ನದೇ ಅಲ್ವೇನೇ ಇವತ್ತು? ಪಾಸಾದ್ಯಾ ಮಗಳೇ?"

ಅವಳಿಗೆ ತಲೆ ಎತ್ತಲಾಗಲಿಲ್ಲ. "ಇಲ್ಲಮ್ಮ," ಎಂದಳು. "ಇಲ್ಲೇ ಕೂತಿರು, ಒಂದು ನಿಮಿಷ." ಆಮೇಲೆ ಎದ್ದು ಹೋಗಿ ಮೇಡಂ ಬಾಗಿಲು ತಟ್ಟಿದಳು.