ಬಚ್ಚಲ ಮೇಲೆ ಕೇಸು

ನನ್ನ ಕೈ ಮುರಿದಿದ್ದು ಚನ್ನೇಶನ ಕಾರು ಗುದ್ದಿ. ಆದ್ರೆ ಆಸ್ಪತ್ರೆ ಕಾಗದದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಐತೆ. ಬರೆಸಿದ್ದು ಯಾರು? ನಾನೇ! ಇಂಥ ಬುದ್ಧಿವಂತೆ ಅರಸೀಕೆರೆಲಿ ಇನ್ನೊಬ್ಬಳಿದ್ರೆ ಹೇಳಿ, ಹೋಗಿ ಕಾಲಿಗೆ ಬಿದ್ದು ಬತ್ತೀನಿ.

ಆವತ್ತು ಲೈನಿಂಗ್ ಬಟ್ಟೆ ತಗೊಂಡು ಕೊಬ್ಬರಿ ಮಂಡಿ ಮುಂದೆ ರಸ್ತೆ ಅಂಚಲ್ಲೇ ಹೋಗ್ತಿದ್ದೆ. ಚನ್ನೇಶ ಫೋನಲ್ಲಿ ಮಾತಾಡ್ತಾ ಹಿಂದಿಂದ ಬಂದು ನನಗೂ ಗುದ್ದಿದ, ಲೈಟ್ ಕಂಬಕ್ಕೂ ಗುದ್ದಿದ. ಅವರಪ್ಪ ಷಡಕ್ಷರಪ್ಪನೋರು ಮಂಡಿ ಸಾಹುಕಾರರು. ಮಠದ ದಾಸೋಹದಲ್ಲಿ ನಮ್ಮೆಲ್ಲರ ಎಲೆಗೆ ತಾವೇ ಪಾಯಸ ಬಡಿಸೋ ದೊಡ್ಡೋರು. ನಾನು ಸ್ಟ್ರೆಚರ್ ಮೇಲೆ ನರಳ್ತಿದ್ರೆ ಬಂದು ಹಣೆಗೆ ವಿಭೂತಿ ಹಚ್ಚಿದ್ರು.

"ಸುಮಿತ್ರಕ್ಕ, ಪೊಲೀಸು ಗಿಲೀಸು ಅಂದ್ರೆ ಹುಡುಗನ ಮದುವೆ ಮಾತುಕತೆ ಕೆಡುತ್ತೆ. ಪೂರ್ತಿ ವಾಸಿಯಾಗೋವರೆಗೂ ಖರ್ಚು ನಂದು. ಬಚ್ಚಲಲ್ಲಿ ಬಿದ್ದೆ ಅನ್ನಿ, ಮುಗೀತು."

ಅವರ ಕೈಯಿಂದ ಪಾಯಸ ತಿಂದ ಬಾಯಿ ನೋಡಿ, ಇಲ್ಲ ಅನ್ನೋಕೆ ಬರಲಿಲ್ಲ. ಡಾಕ್ಟರು ಎರಡು ಸಲ ಕೇಳಿದ್ರು, ನಿಜ ಹೇಳಿ ಅಮ್ಮ, ಗಾಡಿ ಏನಾದ್ರೂ ಗುದ್ದಿತಾ ಅಂತ. ಎರಡು ಸಲವೂ ಬಚ್ಚಲು ಅಂದೆ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಊರಿಗೆಲ್ಲ ಬುದ್ಧಿ ಹೇಳ್ತಿದ್ದೋಳು ನಾನು!

ಎರಡು ತಿಂಗಳಾದ್ರೂ ಬಲಗೈ ಬೆರಳು ಮಡಚಲಿಲ್ಲ. ರವಿಕೆ ಹೊಲಿದು ಬದುಕೋಳು ನಾನು, ಸೂಜಿಗೆ ದಾರ ಪೋಣಿಸೋಕೂ ಆಗಲ್ಲ. ಇನ್ನೊಂದು ಆಪರೇಷನ್ ಬೇಕು ಅಂದ್ರು ಡಾಕ್ಟರು. ಷಡಕ್ಷರಪ್ಪನೋರ ಹತ್ರ ಹೋದ್ರೆ, "ಎಲ್ಲಾ ಶಿವನಿಚ್ಛೆ ಅಕ್ಕ" ಅಂದ್ರು. ಆವತ್ತು ಕಾರು ಓಡಿಸ್ತಿದ್ದೋನು ಶಿವ ಅಂತ ನನಗೆ ಗೊತ್ತೇ ಇರಲಿಲ್ಲ.

ನಮ್ಮೂರಲ್ಲಿ ಯಾವ ವಕೀಲರ ಮನೆಗೆ ಹೋದ್ರೂ ಅವರು ಷಡಕ್ಷರಪ್ಪನೋರ ಬೀಗರೇ. ಅದಕ್ಕೆ ಹಳೇಬೀಡು ಮೇಲೆ ಹೋಗೋ ಬಸ್ ಹತ್ತಿ ಬೇಲೂರಿಗೆ ಹೋದೆ. ವಕೀಲಮ್ಮ ಹೇಮಾಶ್ರೀ ಕಾಗದ ನೋಡಿದ್ರು.

"ಯಾರ ಮೇಲೆ ಕೇಸ್ ಹಾಕೋಣಮ್ಮ? ಬಚ್ಚಲ ಮೇಲಾ? ತಡ ಆಗಿದ್ದಕ್ಕೆ ಕಾರಣ ಹೇಳಬಹುದು. ಗುದ್ದಿದ್ದು ಅವನೇ ಅನ್ನೋಕೆ ಏನಾದ್ರೂ ಐತಾ?"

ನೋಡಿದೋರು ಮಂಡಿ ತುಂಬ ಇದ್ರು. ಮೊದಲೇ ವಿಚಾರಿಸಿದ್ದೆ, ಪಾಪ, ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕಾಫಿಗೆ ಹೋಗಿದ್ರಂತೆ. ನಾನು ಬಸ್ಸಲ್ಲಿ ಊರು ಬರೋವರೆಗೂ ಅತ್ತೆ.

ಮುಂದಿನ ವಾರ ಷಡಕ್ಷರಪ್ಪನೋರೇ ಬಂದ್ರು, ಕೈಯಲ್ಲಿ ಒಂದು ಕಾಗದ. ಕಾರಿನ ರಿಪೇರಿಗೆ ಇನ್ಶೂರೆನ್ಸ್‌ನೋರು ಸಾಕ್ಷಿ ಕೇಳ್ತಾವ್ರಂತೆ.

"ನೀವು ಅಲ್ಲೇ ಇದ್ರಲ್ಲ ಅಕ್ಕ, ಒಂದು ಸಹಿ."

ಓದಿದೆ. ತಾರೀಕು, ಕಾರ್ ನಂಬರು, ಓಡಿಸ್ತಿದ್ದೋನು ಚನ್ನೇಶ. 'ಅಡ್ಡ ಬಂದ ಸುಮಿತ್ರಮ್ಮ ಎಂಬುವರಿಗೆ ತಗುಲಿ, ನಂತರ ಕಂಬಕ್ಕೆ ಡಿಕ್ಕಿ ಹೊಡೆದಿರುತ್ತದೆ.' ಕೆಳಗೆ ಅಪ್ಪ, ಮಗ ಇಬ್ಬರದೂ ಸಹಿ. ಅಬ್ಬಾ! ನನ್ನ ಮೂಳೆಗೆ ಬಚ್ಚಲು, ಅವರ ಬಂಪರ್‌ಗೆ ಸತ್ಯ.

ಫೋನ್ ತೆಗೆದು ಆ ಕಾಗದದ ಫೋಟೋ ಹಿಡಿದು ಬೇಲೂರಿನ ವಕೀಲಮ್ಮನಿಗೆ ಕಳಿಸಿದೆ.

"ಇದೇನಕ್ಕ ಮಾಡ್ತಿದ್ದೀರಿ? ಸಹಿ ಹಾಕಿ ಅಂದ್ರೆ!"

"ಸಹಿಗೆ ಬಲಗೈ ಬೇಕು ಅಣ್ಣ. ಫೋಟೋಗೆ ಎಡಗೈ ಸಾಕು."